ರೋಮಿನ ಒಡೆಯರೂ ದಾಸರೂ

ರೋಮನರ ಚರಿತ್ರೆಯೆಂದೊಡನೆ ಸೀಸರನ ದಿಗ್ವಿಜಯಗಳೂ ಅಗಸ್ಟಸನ ವೈಭವವೂ ನಮ್ಮ ನೆನಪಿಗೆ ಬರುವುವು. ಆ ಚಕ್ರಾಧಿಪತ್ಯದ ಜನರು ದಿನದಿನವೂ ಹೇಗೆ ಬಾಳಿದರೆಂಬುದನ್ನು ತಿಳಿಯಬೇಕಾದರೆ, ಅವರ ಮನೆಬಾಗಿಲಲ್ಲಿ ನಿಂತು ನೋಡಬೇಕು.

ಗಣರಾಜ್ಯದ ಆದಿಯಲ್ಲಿ ಪೌರರೊಳಗೆ ಪೆಟ್ರೀಷಿಯನರೆಂಬ ಕುಲೀನರು, ಪ್ಲೀಬಿಯನರೆಂಬ ಸಾಮಾನ್ಯರು ಎಂದು ಎರಡು ಪಂಗಡಗಳಿದ್ದುವು. ಸಾಮಾನ್ಯರು ಬಹುಕಾಲ ಹೋರಾಡಿ, ತಮ್ಮ ಸಭೆಯ ನಿರ್ಣಯಗಳು ಸಮಸ್ತ ಪೌರರಿಗೂ ಅನ್ವಯಿಸತಕ್ಕವೆಂಬ ಶಾಸನವನ್ನು ಕ್ರಿ.ಪೂ. 287ರಲ್ಲಿ ಪಡೆದರು. ಆದರೆ ಹುಟ್ಟಿನ ಹಿರಿಮೆ ತಗ್ಗಿದಂತೆಲ್ಲ ಹಣದ ಹಿರಿಮೆ ಬೆಳೆಯಿತು. ಅಗಸ್ಟಸನ ಕಾಲಕ್ಕೆ ಸೆನೆಟ್ ಸಭೆಯ ಸದಸ್ಯನಿಗೆ 10 ಲಕ್ಷ ಸೆಸ್ಟರ್ಷಿಯಸ್ ನಾಣ್ಯಗಳ ಆಸ್ತಿಯಿರಬೇಕಾಗಿದ್ದಿತು. ಅದಕ್ಕೆ ಕೆಳಗಿನ ಅಶ್ವಾರೋಹಿ ವರ್ಗದವನಿಗೆ 4 ಲಕ್ಷ. ಅಂಗಿಯ ಮೇಲಣ ಊದಾ ಬಣ್ಣದ ಪಟ್ಟಿಯ ಅಗಲದಿಂದಲೇ ಇವರ ಪದವಿ ತಿಳಿಯುತ್ತಿದ್ದಿತು.

ಬೆಳಗಾಗುತ್ತಲೇ ಬಡ ಆಶ್ರಿತರು ಟೋಗಾ ಎಂಬ ಉಣ್ಣೆಯ ಹೊದಿಕೆಯನ್ನು ಸುತ್ತಿಕೊಂಡು, ಒಡೆಯನಿಗೆ ವಂದಿಸಲು ಅವನ ಅಂಗಳದಲ್ಲಿ ನೆರೆಯುವರು. ಒಂದಿಷ್ಟು ಆಹಾರವೋ ಹಣವೋ ದೊರೆಯುವುದು. ಅನೇಕರ ವಾಸವು ಬಾಡಿಗೆಯ ಬಹುಮಹಡಿ ಕಟ್ಟಡಗಳಲ್ಲಿ. ಮೇಲೇರಿದಷ್ಟೂ ಕೋಣೆಗಳು ಇಕ್ಕಟ್ಟು, ಬೆಂಕಿಯ ಭಯವೂ ಹೆಚ್ಚು. ಇವುಗಳ ಎತ್ತರವು 70 ಅಡಿಗಳನ್ನು ಮೀರಕೂಡದೆಂದು ಅಗಸ್ಟಸನು ವಿಧಿಸಿದನು. ಸುಮಾರು 2 ಲಕ್ಷ ಪೌರರಿಗೆ ಧಾನ್ಯವು ಧರ್ಮಾರ್ಥವಾಗಿ ಸಲ್ಲುತ್ತಿದ್ದಿತು. ಮಧ್ಯಾಹ್ನದ ಮೇಲೆ ಸಾರ್ವಜನಿಕ ಸ್ನಾನಗೃಹಗಳಲ್ಲಿ ಧನಿಕರೂ ಬಡವರೂ ಕೂಡುತ್ತಿದ್ದರು.

ಈ ಬಾಳಿನ ಹೊರೆಯನ್ನು ಬಹುಮಟ್ಟಿಗೆ ಹೊತ್ತವರು ದಾಸರು. ಅಡುಗೆ, ಕ್ಷೌರ, ಲೆಕ್ಕಪತ್ರ, ಮಕ್ಕಳ ಪಾಠ, ಎಲ್ಲದಕ್ಕೂ ಅವರೇ. ಗಣಿಗಳಲ್ಲಿ ದುಡಿದು ಮಡಿದವರೂ ಅವರೇ. ಶಾಸನದಂತೆ ದಾಸನು ಒಡೆಯನ ಸೊತ್ತು. ಆದರೂ ಪೌರನಾದ ಒಡೆಯನು ವಿಧಿವತ್ತಾಗಿ ಬಿಡುಗಡೆ ಮಾಡಿದರೆ, ಅವನು ಸಾಮಾನ್ಯವಾಗಿ ತಾನೂ ಪೌರನಾಗುತ್ತಿದ್ದನು. ಕವಿ ಹೊರೇಸನ ತಂದೆಯೂ ಹೀಗೆ ಬಿಡುಗಡೆ ಹೊಂದಿದವನೇ.

ಕ್ರಿ.ಶ. 61ರಲ್ಲಿ ನಗರಾಧಿಕಾರಿಯಾದ ಪೆಡಾನಿಯಸ್ ಸೆಕುಂಡಸನನ್ನು ಅವನ ದಾಸನೊಬ್ಬನು ಕೊಂದನು. ಪುರಾತನ ಪದ್ಧತಿಯಂತೆ ಆ ಮನೆಯ ದಾಸರೆಲ್ಲರೂ ಸಾಯಬೇಕು. ಅವರು 400 ಮಂದಿ. ಅವರಲ್ಲಿ ನಿರಪರಾಧಿಗಳಾದ ಹೆಂಗಸರೂ ಮಕ್ಕಳೂ ಇದ್ದರು. ಭಯದಿಂದಲ್ಲದೆ ದಾಸರನ್ನು ಅಂಕೆಯಲ್ಲಿಡಲಾಗದೆಂದು ಗಾಯಸ್ ಕ್ಯಾಸಿಯಸನು ಸೆನೆಟ್ಟಿನಲ್ಲಿ ವಾದಿಸಿ ಗೆದ್ದನು. ಆಗ ಬೀದಿಯ ಸಾಮಾನ್ಯ ಜನರು ಕಲ್ಲುಗಳನ್ನೂ ಪಂಜುಗಳನ್ನೂ ಹಿಡಿದು ಅಡ್ಡನಿಂತರೆಂದು ಟ್ಯಾಸಿಟಸನು ಬರೆದಿದ್ದಾನೆ. ನೀರೋ ಚಕ್ರವರ್ತಿಯು ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ ಶಿಕ್ಷೆಯನ್ನು ನಡೆಯಿಸಿದನು.

ಅಡ್ಡನಿಂತವರಲ್ಲಿ ದಾಸರಿಗೆ ಹುಟ್ಟಿದ ಮಕ್ಕಳೂ ಮೊಮ್ಮಕ್ಕಳೂ ಇದ್ದಿರಬೇಕೆಂದು ನಾವು ಊಹಿಸಬಹುದು. ರೋಮಿನ ಶಾಸನಗಳನ್ನು ಮುಂದಿನ ರಾಷ್ಟ್ರಗಳು ಗೌರವದಿಂದ ಓದಿಕೊಂಡುವು. ಆ ದಿನ ನ್ಯಾಯವು ಯಾವ ಕಡೆಗಿದ್ದಿತೆಂಬುದನ್ನು ಮಾತ್ರ ಶಾಸನಜ್ಞನಾದ ಕ್ಯಾಸಿಯಸನಿಗಿಂತ ಆ ಹೆಸರಿಲ್ಲದ ಬಡಜನರೇ ಚೆನ್ನಾಗಿ ಅರಿತಿದ್ದರು.