ಬೇಡ ಅಂದ್ವಲ್ಲ!

"ಅಲ್ಲಿ ಸರ್ಕಾರ ಸರಿಯಾಗಿದೆ ಮಾರಾಯಾ, ಅದಕ್ಕೇ ಎಲ್ಲಾ ಆಗ್ತದೆ." ಜರ್ಮನಿಯಲ್ಲಿ ಬಳಸುವ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಗಾಳಿ, ಬಿಸಿಲು, ನೀರು, ಜೈವಿಕ ಅನಿಲ ಇಂಥವುಗಳಿಂದಲೇ ಬರ್ತದೆ ಅಂತ ಊರಿಗೆ ಫೋನು ಮಾಡಿದಾಗ ಹೇಳಿದರೆ ಸಿಗೋ ಉತ್ತರ ಇದು. ಆದರೆ ಇತಿಹಾಸ ಬೇರೇನೇ ಹೇಳ್ತದೆ. ಸರ್ಕಾರ ಅಷ್ಟೇನೂ ಸರಿಯಾಗಿರಲಿಲ್ಲ. ಅದನ್ನ ಸರಿದಾರಿಗೆ ಎಳೆದವರಲ್ಲಿ ಮೊದಲಿಗರು ದ್ರಾಕ್ಷಿ ಬೆಳೆಯುವ ರೈತರು.

ನಾನಿರೋದು ಫ್ರೈಬುರ್ಗ್‌ನಲ್ಲಿ, ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ನೈಋತ್ಯ ಮೂಲೆ. ಇಲ್ಲಿಂದ ವಾಯುವ್ಯಕ್ಕೆ ಸೈಕಲ್ ಹೊಡೆದರೆ ಕೈಸರ್‌ಷ್ಟೂಲ್ ಅನ್ನೋ ಗುಡ್ಡಗಳು, ಅವುಗಳ ಮೈತುಂಬಾ ದ್ರಾಕ್ಷಿತೋಟ. ಅದರಾಚೆ ರೈನ್ ನದಿ, ನದಿ ದಾಟಿದರೆ ಫ್ರಾನ್ಸ್. ನದಿಯ ಈಚೆ ದಡದಲ್ಲಿ ವೀಲ್ ಅಂತ ಒಂದು ಪುಟ್ಟ ಊರು. 1970ರ ದಶಕದಲ್ಲಿ ರಾಜ್ಯ ಸರ್ಕಾರ ಅಲ್ಲೊಂದು ಅಣುಸ್ಥಾವರ ಕಟ್ಟೋಕೆ ಹೊರಟಿತು. ಮುಖ್ಯಮಂತ್ರಿ ಹಾನ್ಸ್ ಫಿಲ್‌ಬಿಂಗರ್ ಅಂತೂ ವೀಲ್ ಸ್ಥಾವರ ಇಲ್ಲದಿದ್ದರೆ ಆ ದಶಕ ಮುಗಿಯುವಷ್ಟರಲ್ಲಿ ರಾಜ್ಯದ ದೀಪಗಳು ಆರುತ್ತವೆ ಅಂತ ಹೆದರಿಸಿದ್ದರು.

ರೈತರ ಚಿಂತೆ ಶುರುವಾಗಿದ್ದು ವಿಕಿರಣದಿಂದಲ್ಲ, ಮಂಜಿನಿಂದ! ಕೂಲಿಂಗ್ ಟವರ್‌ಗಳ ಹಬೆಯಿಂದ ಕಣಿವೆಯಲ್ಲಿ ಮಂಜು ಹೆಚ್ಚಾದರೆ ದ್ರಾಕ್ಷಿಗೆ ಬಿಸಿಲು ಸಿಗಲ್ಲ ಅನ್ನೋದು ಅವರ ಲೆಕ್ಕ. 1975ರ ಫೆಬ್ರವರಿ 17ಕ್ಕೆ ಕೆಲಸ ಆರಂಭವಾಯ್ತು, ಮರುದಿನವೇ ಜನ ಜಾಗಕ್ಕೆ ನುಗ್ಗಿ ಕೂತುಬಿಟ್ಟರು. 20ರಂದು ಪೊಲೀಸರು ಜಲಫಿರಂಗಿ ತಂದು ಎಬ್ಬಿಸಿದರು. 23ರ ಭಾನುವಾರ ಸುಮಾರು 28 ಸಾವಿರ ಜನ ಬಂದು ಮತ್ತೆ ಜಾಗ ಹಿಡಿದರು. ನದಿಯಾಚೆಯ ಫ್ರೆಂಚರೂ ಅವರಲ್ಲಿದ್ದರು. ಎರಡೂ ದಡಗಳ ಹಳ್ಳಿಗರ ನುಡಿ ಅಲೆಮಾನಿಕ್, ಪುಸ್ತಕದ ಜರ್ಮನ್‌ಗಿಂತ ಬೇರೆ. ಅವರ ಘೋಷಣೆಯೂ ಅದೇ ಆಡುಮಾತಿನಲ್ಲಿತ್ತು: "ನಾಯ್ ಹೆಮ್ಮರ್ ಗ್ಸಾಯ್ಟ್". ನಮ್ಮ ಭಾಷೆಲಿ ಹೇಳೋದಾದ್ರೆ "ಬೇಡ ಅಂದ್ವಲ್ಲ!" ಇವತ್ತಿಗೂ ಆ ಕಾಡಿನಲ್ಲಿರೋ ಸ್ಮಾರಕ ಕಲ್ಲಿನ ಮೇಲೆ ಅದೇ ಮಾತಿದೆ.

ಆಮೇಲೆ ಕೋರ್ಟು ಕಚೇರಿ ಅಲೆದಾಟ ವರ್ಷಗಟ್ಟಲೆ ನಡೀತು. 1977ರಲ್ಲಿ ಫ್ರೈಬುರ್ಗ್‌ನ ಆಡಳಿತ ನ್ಯಾಯಾಲಯ ಪರವಾನಗಿ ರದ್ದು ಮಾಡಿತು, 1982ರಲ್ಲಿ ಮೇಲಿನ ಕೋರ್ಟು ಅದನ್ನ ತಿರುಗಿಸಿತು. ಆದರೆ 1983ರಲ್ಲಿ ಆಗಿನ ಮುಖ್ಯಮಂತ್ರಿ ಲೋಥಾರ್ ಷ್ಪೇಟ್ ಈ ಸ್ಥಾವರ ಸದ್ಯಕ್ಕೆ ಬೇಕಿಲ್ಲ ಅಂದರು. 1994ರಲ್ಲಿ ಯೋಜನೆಯನ್ನೇ ಪೂರ್ತಿ ಕೈಬಿಟ್ಟರು. ದೀಪ ಯಾವುದೂ ಆರಲಿಲ್ಲ.

ಇಷ್ಟೇ ಆಗಿದ್ರೆ ಇದನ್ನ ಬರೀತಾನೇ ಇರಲಿಲ್ಲ. ಬೇಡ ಅಂತ ಗೆದ್ದ ಚಳವಳಿಗಳು ನಮ್ಮಲ್ಲೂ ಬೇಕಾದಷ್ಟಿವೆ. ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲಿನ ಕತೆ. "ಸರಿ, ಇದು ಬೇಡ. ಹಾಗಾದ್ರೆ ಕರೆಂಟು ಎಲ್ಲಿಂದ?" ಅಂತ ಎದುರಾಳಿ ಕೇಳ್ತಾನಲ್ಲ, ಆ ಪ್ರಶ್ನೆಯನ್ನ ಇವರು ತಾವೇ ಕೈಗೆತ್ತಿಕೊಂಡರು. 1976ರಲ್ಲಿ ಪಕ್ಕದ ಸಾಸ್‌ಬಾಖ್ ಹಳ್ಳಿಯಲ್ಲಿ ಸೌರಶಕ್ತಿಯ ಪ್ರದರ್ಶನ ಮಾಡಿದರು. 1977ರಲ್ಲಿ ಫ್ರೈಬುರ್ಗ್‌ನಲ್ಲಿ ಓಕೋ ಇನ್‌ಸ್ಟಿಟ್ಯೂಟ್ ಹುಟ್ಟಿತು. ಸರ್ಕಾರದ ತಜ್ಞರ ಎದುರು ಕೂತು ಲೆಕ್ಕ ಮಾಡೋಕೆ ಜನರ ಕಡೆಯ ತಜ್ಞರು ಬೇಕಲ್ಲ! 1980ರಲ್ಲಿ ಅವರು ಹೊರತಂದ ಅಧ್ಯಯನದ ಹೆಸರೇ 'ಎನರ್ಗೀವೆಂಡೆ', ಅಂದರೆ ಇಂಧನದ ದಾರಿ ತಿರುಗಿಸೋದು. ಇವತ್ತು ಜಗತ್ತೆಲ್ಲ ಬಳಸೋ ಪದ ಅದು.

1986ರಲ್ಲಿ ಚೆರ್ನೋಬಿಲ್ ಆಯ್ತು. ಇದೇ ರಾಜ್ಯದ ಕಪ್ಪುಕಾಡಿನ ಶೋನಾವ್ ಎಂಬ ಊರಲ್ಲಿ ಉರ್ಸುಲಾ ಮತ್ತು ಮಿಖಾಯೆಲ್ ಸ್ಲಾಡೆಕ್ ದಂಪತಿ ಇತರ ಅಪ್ಪ ಅಮ್ಮಂದಿರ ಜೊತೆ ಸೇರಿ ಗುಂಪು ಕಟ್ಟಿದರು. ಮೊದಲು ಕರೆಂಟು ಉಳಿಸೋ ಪಾಠ, ಆಮೇಲೆ ಊರಿನ ವಿದ್ಯುತ್ ಜಾಲವನ್ನೇ ಕೊಂಡುಕೊಳ್ಳೋ ಹಟ. 1991 ಮತ್ತು 1996ರಲ್ಲಿ ಎರಡು ಸಲ ಊರಲ್ಲಿ ಜನಮತ ನಡೆದು ಎರಡೂ ಸಲ ಗೆದ್ದರು. 1997ರ ಜುಲೈನಲ್ಲಿ ಜಾಲ ಅವರ ಕೈಗೆ ಬಂತು. ಎರಡೂವರೆ ಸಾವಿರ ಜನರ ಊರು ಸ್ವಾಮಿ!

ಅತ್ತ ಪಶ್ಚಿಮದ ಆಖೆನ್ ನಗರದಲ್ಲಿ ಇನ್ನೊಂದು ಗುಂಪು, ಚಾವಣಿಯ ಸೌರ ಕರೆಂಟಿಗೆ ಅದರ ಪೂರ್ತಿ ಖರ್ಚು ಗಿಟ್ಟುವಂಥ ದರ ಕೊಡಿ ಅಂತ ಹಟ ಹಿಡಿಯಿತು. ಆ ರಾಜ್ಯದ ದರ ನಿಯಂತ್ರಕರು ಒಪ್ಪಿದ ಮೇಲೆ 1995ರಿಂದ ಯೂನಿಟ್ಟಿಗೆ ಸುಮಾರು 2 ಮಾರ್ಕ್ ಸಿಗತೊಡಗಿತು. ಅಷ್ಟರಲ್ಲಾಗಲೇ ಒಕ್ಕೂಟದ ಮಟ್ಟದಲ್ಲಿ ಒಂದು ಚಿಕ್ಕ ಕಾನೂನು 1991ರ ಜನವರಿಯಿಂದ ಜಾರಿಯಲ್ಲಿತ್ತು. ಅದರ ಹಿಂದಿದ್ದ ಜೋಡಿ ವಿಚಿತ್ರ: ಬವೇರಿಯಾದ ಸಂಪ್ರದಾಯವಾದಿ ಪಕ್ಷದ ಎಂಗೆಲ್ಸ್‌ಬರ್ಗರ್, ಗ್ರೀನ್ ಪಕ್ಷದ ಡೇನಿಯಲ್ಸ್. ಮೊದಲಿನವರಿಗೆ ತಮ್ಮ ಕಡೆಯ ಸಣ್ಣ ಜಲವಿದ್ಯುತ್ ಘಟಕಗಳು ಉಳಿಯಬೇಕಿತ್ತು, ಅಷ್ಟೇ. ಈ ಎಲ್ಲ ತೊರೆಗಳೂ ಸೇರಿದ್ದು 2000ದ ಏಪ್ರಿಲ್‌ನಲ್ಲಿ ಜಾರಿಯಾದ ನವೀಕರಿಸಬಹುದಾದ ಇಂಧನಗಳ ಕಾನೂನಿನಲ್ಲಿ. 20 ವರ್ಷ ಖಾತರಿ ದರ, ಜಾಲದಲ್ಲಿ ಮೊದಲ ಆದ್ಯತೆ.

ಹವಾಮಾನದ ಕಾನೂನಿನಲ್ಲೂ ಇದೇ ಪಾಠ. ಒಕ್ಕೂಟದ ಹವಾಮಾನ ಕಾಯ್ದೆ ಬಂದಿದ್ದು 2019ರ ಡಿಸೆಂಬರ್‌ನಲ್ಲಿ. ಬಾಡೆನ್-ವ್ಯುರ್ಟೆಂಬರ್ಗ್ ಮತ್ತು ಆಖೆನ್ ಇರೋ ನಾರ್ಥ್ ರೈನ್-ವೆಸ್ಟ್‌ಫಾಲಿಯಾ ರಾಜ್ಯಗಳು 2013ರಲ್ಲೇ ತಮ್ಮ ಕಾಯ್ದೆ ಮಾಡಿದ್ದವು. ನಮ್ಮ ರಾಜ್ಯದಲ್ಲಿ (ನೋಡಿ, ನಮ್ಮ ರಾಜ್ಯ ಅಂತ ಬಾಯಿಗೆ ಬಂದೇಬಿಡ್ತು) 2022ರಿಂದ ಹೊಸ ಮನೆ ಕಟ್ಟಿದರೆ ಚಾವಣಿಗೆ ಸೌರಫಲಕ ಕಡ್ಡಾಯ.

ರಾಜ್ಯಗಳೆಲ್ಲ ಸಂತರು ಅಂತ ಅಲ್ಲ. ಬವೇರಿಯಾ 2014ರಲ್ಲಿ, ಗಾಳಿಯಂತ್ರ ಮನೆಗಳಿಂದ ತನ್ನ ಎತ್ತರದ ಹತ್ತು ಪಟ್ಟು ದೂರ ಇರಬೇಕು ಅಂತ ನಿಯಮ ತಂದು ಹೊಸ ಯಂತ್ರಗಳನ್ನ ಹೆಚ್ಚುಕಮ್ಮಿ ನಿಲ್ಲಿಸಿಯೇಬಿಟ್ಟಿತ್ತು. ಬಾಗಿಲು ಅದೇ. ಯಾರು ಹೋಗಿ ತಟ್ತಾರೆ ಅನ್ನೋದರ ಮೇಲೆ ಫಲ.

ಈಗ ನಮ್ಮೂರಿಗೆ ಬರ್ತೀನಿ. ನಾನು ಉತ್ತರ ಕನ್ನಡದವನು. ಕೈಗಾ ಬೇಡ ಅಂತ ಶಿವರಾಮ ಕಾರಂತರು ಆ ಇಳಿವಯಸ್ಸಿನಲ್ಲಿ ಹೋರಾಡಿದರು, 1989ರಲ್ಲಿ ಲೋಕಸಭೆಗೂ ನಿಂತು ಸೋತರು. ನಮ್ಮಜ್ಜ ಅವರಿಗೇ ಓಟು ಹಾಕಿದ್ದಂತೆ. 2000ದಲ್ಲಿ ಕೈಗಾದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರುಮಾಡಿದವು. ಹಾಗಂತ ನಮ್ಮ ಜನ ಕಮ್ಮಿ ಗಟ್ಟಿಗರು ಅಂತ ನಾನು ಒಪ್ಪಲ್ಲ. ವೀಲ್‌ಗೆ ಪರವಾನಗಿ ಕೊಟ್ಟಿದ್ದು ರಾಜ್ಯ ಸರ್ಕಾರ, ರೈತರು ಮೊದಲು ಗೆದ್ದಿದ್ದು ಪಕ್ಕದ ಊರಿನ ಕೋರ್ಟಿನಲ್ಲಿ. ನಮ್ಮ ಸಂವಿಧಾನದಲ್ಲಿ ಅಣುಶಕ್ತಿ ಕೇಂದ್ರದ ಪಟ್ಟಿಯಲ್ಲಿದೆ. ಕಾರಂತರು ತಟ್ಟಬೇಕಾದ ಬಾಗಿಲು ದಿಲ್ಲಿಯಲ್ಲಿತ್ತು.

ಆದರೆ ಇವತ್ತು ಶರಾವತಿ ಕಣಿವೆಯಲ್ಲಿ ಜನ "ಬೇಡ" ಅಂತಿರೋದು 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ. ಕರೆಂಟು ಹೆಚ್ಚಿರೋ ಹೊತ್ತಲ್ಲಿ ನೀರನ್ನ ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯೋದು. ಕಾರಣ ಸ್ವಚ್ಛ ಇಂಧನದ್ದು, ಜಾಗ ಸಿಂಗಳೀಕಗಳ ಅಭಯಾರಣ್ಯದ್ದು. ಕೇಂದ್ರದ ಅನುಮತಿಗಳೂ ಬೇಕು ನಿಜ, ಆದರೆ ಯೋಜನೆ ಹಾಕಿರೋದು ಕರ್ನಾಟಕ ಸರ್ಕಾರದ್ದೇ ಆದ ಕೆಪಿಸಿ. ವಿದ್ಯುತ್ತು ಸಮವರ್ತಿ ಪಟ್ಟಿಯಲ್ಲಿದೆ, ದರ ನಿಗದಿ ಮಾಡೋ ಆಯೋಗ ಬೆಂಗಳೂರಲ್ಲಿದೆ. ಈ ಸಲ ಬಾಗಿಲು ಮನೆ ಹತ್ತಿರಾನೇ ಇದೆ.

ಹಾಗಾಗಿ ಬೇಡ ಅನ್ನೋದರ ಜೊತೆಗೆ ಇನ್ನೊಂದು ಕೆಲಸ ಆಗಬೇಕು: ರಾತ್ರಿಯ ಕರೆಂಟಿಗೆ ಬೇರೆ ದಾರಿ ಏನು, ಎಷ್ಟು ಬ್ಯಾಟರಿ, ಯಾವ ಚಾವಣಿ, ಯಾರಿಗೆ ಎಷ್ಟು ದರ ಅಂತ ಲೆಕ್ಕ ಬರೆದು ವಿಧಾನಸೌಧದ ಮೇಜಿನ ಮೇಲಿಡೋದು. ಲೆಕ್ಕ ಗೊತ್ತಿರೋ ಇಂಜಿನಿಯರುಗಳು ನಮ್ಮಲ್ಲಿ ಲಕ್ಷಗಟ್ಟಲೆ ಇದೀವಿ. ಶನಿವಾರ ಭಾನುವಾರ ಬಿಡುವೂ ಇರ್ತದೆ. ಏನಂತೀರಿ?