ಪಟ್ಟಿ ಎತ್ತಿ ಕಟ್ಟಿದ ಸೀಮೆ

ವಿಜಯಪುರದಿಂದ ಜಮಖಂಡಿಗೆ ಬರುವ ರಸ್ತೆ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಯನ್ನು ದಾಟುತ್ತದೆ. ಬಸ್ಸಿನಲ್ಲಿ ಕೂತವರು ಹೊಳೆಯಲ್ಲಿ ನೀರೆಷ್ಟಿದೆ ಎಂದು ಕಿಟಕಿಯಿಂದ ಇಣುಕುತ್ತಾರೆ. ಹಿರಿಯರು ಒಂದು ನಾಣ್ಯ ಎಸೆದು ಕೈ ಮುಗಿಯುತ್ತಾರೆ. ಇಲ್ಲಿ ಯಾರೂ ಇಳಿಯುವುದಿಲ್ಲ. ಇಳಿದು ನೋಡುವಂಥ ಗೋಪುರವಾಗಲಿ ಕೋಟೆಯಾಗಲಿ ಇಲ್ಲಿಲ್ಲ. ಪ್ರವಾಸಿ ಪುಸ್ತಕಗಳು ಈ ಸೀಮೆಯ ಚರಿತ್ರೆಯನ್ನು ಜಮಖಂಡಿಯ ಗುಡ್ಡದ ಮೇಲಿನ ರಾಮತೀರ್ಥ ಅರಮನೆಯಿಂದ ಶುರು ಮಾಡುತ್ತವೆ. ನನ್ನನ್ನು ಕೇಳಿದರೆ ಶುರು ಮಾಡಬೇಕಾದದ್ದು ಈ ಹೊಳೆದಂಡೆಯಿಂದ, ಇಲ್ಲಿಯ ಬ್ಯಾರೇಜಿನಿಂದ.

ಬ್ಯಾರೇಜು ಬರುವ ಮುಂಚೆ ಇಲ್ಲಿಯ ರೈತರದು ವಿಚಿತ್ರ ಬಡತನ. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಿಗೆಗೆ ಬತ್ತಿ ಮರಳು ಕಾಣಿಸುತ್ತಿತ್ತು. ಹೊಲ ಹೊಳೆಯ ಮಗ್ಗುಲಲ್ಲೇ ಇದ್ದರೂ ಬೆಳೆ ಮಾತ್ರ ಮುಗಿಲು ನೋಡಬೇಕು. ಸರಕಾರ ಕಟ್ಟಿಕೊಡಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ ಎನ್ನಿಸಿದಾಗ ಕೃಷ್ಣಾ ತೀರದ ರೈತರು ಸಂಘ ಕಟ್ಟಿಕೊಂಡರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಜಾತ್ರೆಗೆ, ಗಣಪತಿಗೆ ಪಟ್ಟಿ ಎತ್ತುವ ರೂಢಿ ಎಲ್ಲ ಊರಿಗೂ ಇದೆ. ಇವರು ನದಿಗೆ ಅಡ್ಡ ಗೋಡೆ ಹಾಕುವುದಕ್ಕೆ ಪಟ್ಟಿ ಎತ್ತಿದರು. ರೊಕ್ಕ ಇದ್ದವರು ರೊಕ್ಕ ಕೊಟ್ಟರು, ಇಲ್ಲದವರು ಮೈ ಬೆವರು ಸುರಿಸಿದರು. 1989ರಲ್ಲಿ ಬ್ಯಾರೇಜು ಎದ್ದು ನಿಂತಿತು. ಹೆಸರು ಶ್ರಮಬಿಂದು ಸಾಗರ. ಹೆಸರಿನಲ್ಲಿ ಅಲಂಕಾರವೇನೂ ಇಲ್ಲ, ನಡೆದದ್ದನ್ನೇ ಹೇಳುತ್ತದೆ.

ಮುಂದಿನ ಕಥೆ ನಾಡಿಗೆಲ್ಲ ಗೊತ್ತಿರುವಂಥದು. ಜನ ನ್ಯಾಮಗೌಡರನ್ನು ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಬಾಗಲಕೋಟೆ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಮುಖ್ಯಮಂತ್ರಿಯಾಗಿ ಹೆಸರು ಮಾಡಿದವರ ಎದುರು ಹೊಳೆಸಾಲಿನ ಒಬ್ಬ ರೈತ ಗೆದ್ದದ್ದು ದಿಲ್ಲಿಯವರಿಗೆ ಅಚ್ಚರಿ. ಕೃಷ್ಣಾ ತೀರದವರಿಗೆ ಲೆಕ್ಕ ಮೊದಲೇ ಸ್ಪಷ್ಟವಿತ್ತು. ಆಮೇಲೆ ಅವರು ಕೇಂದ್ರದಲ್ಲಿ ರಾಜ್ಯ ಸಚಿವರೂ ಆದರು. 2018ರ ಮೇ ತಿಂಗಳಲ್ಲಿ ಜಮಖಂಡಿಯಿಂದ ಶಾಸಕರಾಗಿ ಆರಿಸಿ ಬಂದು, ಅದೇ ತಿಂಗಳ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಬ್ಯಾರೇಜು ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ಮಹಾಪೂರದ ಹೊತ್ತಿಗೆ ಗೇಟು ತೆರೆದಿರಬೇಕು, ಹೊಳೆ ಇಳಿಯುತ್ತಿದ್ದಂತೆ ಹಾಕಬೇಕು. ಎರಡು ದಿನ ಹಿಂದುಮುಂದಾದರೆ ವರ್ಷದ ನೀರಿಗೇ ಸಂಚಕಾರ. ಬೇಸಿಗೆಗೆ ನೀರು ಸಾಲದೆ ಹೋದಾಗ ಕೆಳಗಿನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರನ್ನೇ ಪಂಪು ಹಚ್ಚಿ ಮೇಲಕ್ಕೆತ್ತಿ ಬ್ಯಾರೇಜು ತುಂಬಿಸಿದ್ದೂ ಉಂಟು. ಹೊಳೆಯನ್ನು ಹಿಂದಕ್ಕೆ ಹರಿಸುವ ಈ ಹಟಕ್ಕೆ ಬೇರೆ ಉದಾಹರಣೆ ಸಿಗುವುದು ಕಷ್ಟ.

ಹೀಗೆ ಕೂಡಿ ಕಟ್ಟುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ತೇರದಾಳಕ್ಕೆ ಹೋಗಿ ನೋಡಿ. ಪ್ರಭುದೇವರ ಗುಡಿಯ ಊರು ಎಂದು ಈಗ ಹೆಸರಾದ ತೇರದಾಳದಲ್ಲಿ ಮಾಂಡಲಿಕ ಗೊಂಕ 1123ರ ಸುಮಾರಿಗೆ ನೇಮಿನಾಥ ಬಸದಿ ಕಟ್ಟಿಸಿದ. ರಟ್ಟರ ಕಾಲ ಅದು. ಬಸದಿ ಅರಸುಮಗನದೇ, ಆದರೆ ಅದರ ಶಾಸನದಲ್ಲಿ ಅಯ್ಯಾವೊಳೆ ಐನೂರ್ವರ ಹೆಸರೂ ಬರುತ್ತದೆ. ಅಯ್ಯಾವೊಳೆ ಎಂದರೆ ಇದೇ ಬಾಗಲಕೋಟೆ ಜಿಲ್ಲೆಯ ಐಹೊಳೆ. ಐನೂರ್ವರದು ದಕ್ಷಿಣದ ಪೇಟೆಗಳನ್ನೆಲ್ಲ ತುಳಿದ ವರ್ತಕರ ಕೂಟ. ಆ ಕಾಲದ ದತ್ತಿಗಳ ರೀತಿ ನೋಡಿದರೆ ಇಂದಿನ ಪಟ್ಟಿಯ ಪುಸ್ತಕ ನೆನಪಾಗುತ್ತದೆ: ಎಲೆಯ ಹೇರಿಗೆ ಇಷ್ಟು, ಎಣ್ಣೆಯ ಗಾಣಕ್ಕೆ ಇಷ್ಟು. ದೇವರ ದೀಪ ಉರಿಯುತ್ತಿದ್ದುದು ಸಂತೆಯ ಪಾಲಿನಿಂದ.

ಇನ್ನು ಅರಮನೆಯ ಮಾತು. ಜಂಬುಕೇಶ್ವರನಿಂದ ಹೆಸರು ಪಡೆದ ಜಮಖಂಡಿ 1811ರಿಂದ ಪಟವರ್ಧನ ಮನೆತನದ ಸಂಸ್ಥಾನವಾಯಿತು. ದರಬಾರಿನದು ಮರಾಠಿ, ಬೀದಿಯದು ಕನ್ನಡ. ಎರಡನ್ನೂ ಒಂದೇ ಬಾಯಲ್ಲಿ ಆಡುವ ಜನ ಇಂದಿಗೂ ಹನುಮಾನ ಚೌಕದ ಅಂಗಡಿಗಳಲ್ಲಿ ಸಿಗುತ್ತಾರೆ. ತತ್ತ್ವಜ್ಞಾನಿ ಗುರುದೇವ ರಾನಡೆ 1886ರಲ್ಲಿ ಹುಟ್ಟಿದ್ದು ಇಲ್ಲೇ. ಮರಾಠಿ ಸಂತರ ಬಗ್ಗೆಯೂ ಕನ್ನಡದ ಅನುಭಾವಿಗಳ ಬಗ್ಗೆಯೂ ಅವರು ಒಂದೇ ಆಸ್ಥೆಯಿಂದ ಬರೆದದ್ದಕ್ಕೆ ಈ ಊರಿನ ಗಾಳಿಯೂ ಕಾರಣ ಎಂದು ನಾನು ನಂಬಿದ್ದೇನೆ.

ಈ ಸಂಸ್ಥಾನದ ಮುನಸಿಪಾಲಿಟಿಗೆ 1940ರಲ್ಲಿ ಆರಿಸಿ ಬಂದ ಸಾವಳಗಿಯ ಒಬ್ಬ ತರುಣ ವಕೀಲರ ಹೆಸರು ಬಸಪ್ಪ ದಾನಪ್ಪ ಜತ್ತಿ. ಮೊದಲು ಊರಿನ ಅಧ್ಯಕ್ಷರು, ಆಮೇಲೆ ಸಂಸ್ಥಾನದ ಮಂತ್ರಿ, 1948ರಲ್ಲಿ ಅದರ ಮುಖ್ಯಮಂತ್ರಿ. ಆ ವರ್ಷದ ಮಾರ್ಚ್ 8ಕ್ಕೆ ರಾಜಾ ಶಂಕರರಾವ್ ಪಟವರ್ಧನರ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಜತ್ತಿಯವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲಕಾಲ ಹಂಗಾಮಿ ರಾಷ್ಟ್ರಪತಿಯೂ ಆದರು. ಜಮಖಂಡಿಯ ಗಟಾರು, ನಲ್ಲಿಗಳ ತಕರಾರು ಕೇಳಿದ ಕಿವಿಗೆ ರಾಷ್ಟ್ರಪತಿ ಭವನದ ಕಾಗದಪತ್ರ ಏನು ಮಹಾ ಕಷ್ಟವಾಗಿರಲಿಕ್ಕಿಲ್ಲ!

ಸಂಸ್ಥಾನಗಳ ಕಾಲದ ನಕ್ಷೆ ಹರಿದ ಕೌದಿಯಂತಿತ್ತು. ಜಮಖಂಡಿ, ಬನಹಟ್ಟಿ ಪಟವರ್ಧನರ ಒಂದು ಶಾಖೆಗೆ. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ, ಅದರಾಚೆಯ ತೇರದಾಳ ಸಾಂಗ್ಲಿಯ ಪಟವರ್ಧನರಿಗೆ. ಮುಧೋಳ, ಮಹಾಲಿಂಗಪುರ ಘೋರ್ಪಡೆಯವರಿಗೆ. ಬೀಳಗಿ ನೇರ ಇಂಗ್ಲಿಷರ ಕೈಯಲ್ಲಿ. ಹುಬ್ಬಳ್ಳಿ ಕಡೆಯ ಕುಂದಗೋಳ ಎಲ್ಲಿ, ಜಮಖಂಡಿ ಎಲ್ಲಿ? ಆದರೂ ಅದು ಜಮಖಂಡಿಯದೇ. ಅರಸರು ಬೇರೆಬೇರೆಯಾದರೂ ಸೀಮೆಯನ್ನು ಕೂಡಿಸಿ ಹಿಡಿದದ್ದು ಪೇಟೆ. ಒಂದು ಊರಿನ ನೂಲು ಇನ್ನೊಂದು ಊರಿನ ಮಗ್ಗಕ್ಕೆ, ಒಂದರ ಬೆಲ್ಲ ಇನ್ನೊಂದರ ಹೋಳಿಗೆಗೆ.

ರಬಕವಿ–ಬನಹಟ್ಟಿಗೆ ಹೋದರೆ ಊರು ಕಾಣುವುದಕ್ಕಿಂತ ಮೊದಲು ಕೇಳಿಸುತ್ತದೆ. ಮನೆಯ ಪಡಸಾಲೆಯಲ್ಲೇ ಪವರ್‌ಲೂಮು. ಅದರ ಸದ್ದಿನ ಮೇಲೆ ಸದ್ದು ಮಾಡಿ ಮಾತಾಡಿ ಇಲ್ಲಿಯ ನೇಕಾರರ ದನಿಯೇ ದೊಡ್ಡದು. ಕರೆಂಟು ಹೋದರೆ ಓಣಿಗೆ ಓಣಿಯೇ ಕಟ್ಟೆಗೆ ಬಂದು ಕೂಡುತ್ತದೆ. ಹತ್ತಿ ಸೀರೆಗೆ ಈ ಊರು ದೊಡ್ಡ ಹೆಸರು, ಆದರೆ ನೇದವರಿಗೆ ಸಿಗುವ ಮಜೂರಿಯನ್ನು ಆ ಹೆಸರಿನ ಮಗ್ಗುಲಲ್ಲಿ ಇಟ್ಟು ನೋಡಿದರೆ ನಾಚಿಕೆಯಾಗಬೇಕು. ಇದೇ ಸೀಮೆಯ ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನಾದರೋ ‘ಕವಿಚಕ್ರವರ್ತಿ’ಯಾದ. ಸಂತೆಯಿಂದ ಎದ್ದು ಬಂದವರ ಪೈಕಿ ಅವನಿಗೆ ಮಾತ್ರ ಅಂಥ ಬಿರುದು ಸಿಕ್ಕಿತು.

ಮಹಾಲಿಂಗಪುರದ್ದು ಬೆಲ್ಲದ ಪೇಟೆ. ಸುತ್ತಲಿನ ಹೊಲಗಳಲ್ಲಿ ಗಾಣ ಹೂಡಿದ ಕಾಲಕ್ಕೆ ಹೋಗಬೇಕು. ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತಿರುತ್ತದೆ. ಒಲೆಗೆ ಹಿಂಡಿ ಉಳಿದ ಸಿಪ್ಪೆಯೇ ಉರುವಲು. ಬೆಂಡೆ ಗಿಡ ಜಜ್ಜಿದ ಲೋಳೆ ಬಿಟ್ಟರೆ ಹೊಲಸೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಉದ್ದ ಹಿಡಿಕೆಯ ಜರಡಿಯಿಂದ ತೆಗೆದು ಚೆಲ್ಲುತ್ತಾರೆ. ಹಾಲು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿ, ಗುಳ್ಳೆಗಳು ದಪ್ಪಗಾಗಿ ‘ಗುಬು ಗುಬು’ ಎನ್ನತೊಡಗಿದಾಗ ಹದ ನೋಡುವವ ಒಂದು ಹನಿ ತಣ್ಣೀರಿನಲ್ಲಿ ಬಿಟ್ಟು ಬೆರಳಲ್ಲಿ ಹೊರಳಿಸುತ್ತಾನೆ. ಗುಂಡಗೆ ನಿಂತರೆ ಇಳಿಸು ಎಂದರ್ಥ. ಒಂದು ಚಣ ತಡವಾದರೆ ಬೆಲ್ಲ ಕಪ್ಪಾಯಿತು, ಪೇಟೆಯಲ್ಲಿ ದರ ಬಿತ್ತು. ಅಚ್ಚಿನಿಂದ ಬಿಡಿಸಿದ ಪೆಂಟೆಗಳು ದಲಾಲಿ ಅಂಗಡಿಯ ಮುಂದೆ ಸಾಲುಗೊಂಡಾಗ ಖರೀದಿದಾರ ಮೊದಲು ನೋಡುವುದೂ ಬಣ್ಣವನ್ನೇ. ತೀರ ಬಂಗಾರದ ಬಣ್ಣದ ಬೆಲ್ಲ ಕಂಡರೆ ನಾನಂತೂ ಅನುಮಾನಪಡುತ್ತೇನೆ. ಔಷಧಿ ಹಾಕದ ಬೆಲ್ಲ ಒಂದಿಷ್ಟು ಕಂದೇ ಇರುತ್ತದೆ.

ಹಳೆಯ ಪೇಟೆ, ಹಳೆಯ ಊಟ ಎಂದರೆ ನಮ್ಮವರಿಗೆ ಈಗ ಸಮರಕಂದ, ಬುಖಾರಾ ನೆನಪಾಗುತ್ತವೆ. ಸಮರಕಂದದಲ್ಲಿ ತೈಮೂರನ ಕಾಲದ ಬೀಬಿ ಖಾನಂ ಮಸೀದಿಯ ಮಗ್ಗುಲಲ್ಲೇ ಸಿಯಾಬ್ ಬಜಾರು, ಅಲ್ಲಿ ರಾಶಿ ಹಾಕಿದ ದುಂಡನೆಯ ರೊಟ್ಟಿ. ಗೋಧಿ ಹಿಟ್ಟಿನ ಆ ರೊಟ್ಟಿಯ ನಡುವೆ ಮೊಳೆಯಚ್ಚು ಒತ್ತಿ ತಂದೂರಿಗೆ ಬಡಿಯುತ್ತಾರೆ, ನಡುವೆ ಉಬ್ಬದಿರಲಿ ಎಂದು. ಬಹಳ ದಿನ ಕೆಡುವುದಿಲ್ಲವೆಂದು ಹೊರಟವರು ಊರಿಗೆ ಕಟ್ಟಿಸಿಕೊಂಡು ಹೋಗುತ್ತಾರೆ. ಜಮಖಂಡಿಯಲ್ಲಿ ಲೆಕ್ಕ ತಿರುವುಮುರುವು: ಉಬ್ಬದ ರೊಟ್ಟಿ ರೊಟ್ಟಿಯೇ ಅಲ್ಲ. ಬಿಳಿಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿ, ಅಂಗೈಯಿಂದ ಬಡಿಬಡಿದು ಹಿಗ್ಗಿಸಿ, ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು. ತಿರುವಿ ಹಾಕಿದಾಗ ಅದು ಪೂರಿಯಂತೆ ಉಬ್ಬಬೇಕು. ಬಿಸಿರೊಟ್ಟಿ ಅವತ್ತಿನದು. ಅದನ್ನೇ ಇನ್ನಷ್ಟು ತೆಳ್ಳಗೆ ಬಡಿದು ಗರಿಗರಿಯಾಗುವ ತನಕ ಒಣಗಿಸಿದರೆ ಕಡಕ್ ರೊಟ್ಟಿ. ತಿಂಗಳು ಇಟ್ಟರೂ ಕೆಡದು.

ಜೊತೆಗೆ ಎಣಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಡಿಕೆಕಾಳು ಪಲ್ಯ, ಹಸಿ ಉಳ್ಳಾಗಡ್ಡಿ. ಹೊಳೆಯಾಚೆಯ ಕೊಲ್ಹಾರದ ಗಡಿಗೆ ಮೊಸರು ಸಿಕ್ಕರೆ ಬಿಡಬಾರದು. ಗಡಿಗೆ ಓರೆ ಮಾಡಿದರೂ ಚೆಲ್ಲದಷ್ಟು ಗಟ್ಟಿ. ಹಬ್ಬಕ್ಕೆ ಹೋಳಿಗೆ, ಕಟ್ಟಿನ ಸಾರು. ಲಗ್ನಕ್ಕೆ ಮಾದಲಿ.

ಈ ತಾಟಿಗೆ ಒಂದು ತಕರಾರಿದೆ. ನೀರು ಬಂದದ್ದೇ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರಖಾನೆಗಳು ಬಂದವು, ಜೋಳ ಹಿಂದೆ ಸರಿಯಿತು. ಕಬ್ಬಿನ ಸಾಲವನ್ನು ಬ್ಯಾಂಕು ಕೊಡುತ್ತದೆ, ಜೋಳವನ್ನು ಕೇಳುವವರಿಲ್ಲ. ವರ್ಷವಿಡೀ ನೀರು ಬಿಟ್ಟ ಕರಿ ಹೊಲಗಳು ಕೆಲವು ಕಡೆ ಸವಳಾಗಿ ಬಿಳಿ ಪುಡಿ ಉಗುಳುತ್ತಿವೆ. 2019ರ ಆಗಸ್ಟಿನ ಮಹಾಪೂರದಲ್ಲಿ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿತು, ಕಬ್ಬು ನಿಂತಲ್ಲೇ ಕೊಳೆಯಿತು. ಸಾವಳಗಿ, ತುಂಗಳ ಕಡೆಯ ಕೆಲವರು ದ್ರಾಕ್ಷಿಗೆ ತಿರುಗಿ ಕಡಿಮೆ ನೀರಿನಲ್ಲಿ ಹನಿ ಹನಿಯಾಗಿ ಬದುಕುವುದನ್ನು ಕಲಿತಿದ್ದಾರೆ. ನೆರಳಿನ ಶೆಡ್ಡುಗಳಲ್ಲಿ ಬಲೆಯ ಮೇಲೆ ಗೊಂಚಲು ಹರವಿ ಮಣೂಕ ಮಾಡುತ್ತಾರೆ. ಬುದ್ಧಿವಂತಿಕೆಯ ದಾರಿ ಅದು, ಆದರೆ ಬಂಡವಾಳ ಬೇಡುವ ದಾರಿ.

ಆದರೂ ಕಬ್ಬಿನ ನಡುವೆ ಅರ್ಧ ಎಕರೆ ಜೋಳ ಇಟ್ಟುಕೊಂಡ ಮನೆಗಳು ಉಳಿದಿವೆ, ಮಾರುವುದಕ್ಕಲ್ಲ, ಮನೆಯ ರೊಟ್ಟಿಗೆ. ಎಳ್ಳ ಅಮಾವಾಸ್ಯೆಗೆ ಅವರು ಚರಗ ಚೆಲ್ಲುವುದೂ ಅಲ್ಲಿಯೇ. ಉಳಿದವರು ಅಂಗಡಿಯ ಜೋಳ ತಂದು ಬಡಿಯುತ್ತಾರೆ, ಹೆಣ್ಣುಮಕ್ಕಳು ಕಡಕ್ ರೊಟ್ಟಿ ಕಟ್ಟು ಕಟ್ಟಿ ದೂರದ ಊರುಗಳಿಗೂ ಕಳಿಸುತ್ತಾರೆ. ಜಮಖಂಡಿಗೆ ಬಂದವರಿಗೆ ಅರಮನೆಗೆ ಒಂದು ತಾಸು ಸಾಕು. ಮಧ್ಯಾಹ್ನ ಖಾನಾವಳಿಯಲ್ಲಿ ಕೂತಾಗ “ಬಿಸಿ ಕೊಡ್ಲೇನ್ರಿ, ಕಡಕ್ ಕೊಡ್ಲೇನ್ರಿ?” ಎಂದು ಕೇಳುತ್ತಾರೆ. ಬಿಸಿಯದನ್ನು ಅಲ್ಲೇ ಉಣ್ಣಿರಿ, ಕಡಕ್ಕಿನದನ್ನು ಕಟ್ಟಿಸಿಕೊಳ್ಳಿ. ಹಿಂಡಿಯ ಪೊಟ್ಟಣಕ್ಕೆ ಬೇರೆ ದುಡ್ಡು ಕೊಡಬೇಕಾದೀತು.