ಪೇಟೆಯಿಂದ ಪರದೆಗೆ: ಜಮಖಂಡಿ ಸೀಮೆಯಲ್ಲಿ ಆನ್‌ಲೈನ್ ವ್ಯಾಪಾರದ ಪೂರ್ವಸಿದ್ಧತೆ

ಒಂದು ದೇಶ ಆನ್‌ಲೈನ್ ವ್ಯಾಪಾರಕ್ಕೆ ಎಷ್ಟರಮಟ್ಟಿಗೆ ಸಜ್ಜಾಗಿದೆ ಎಂದು ತಿಳಿಯಲು ವಿಶ್ವಸಂಸ್ಥೆಯ ಅಂಗವಾದ ಅಂಕ್ಟಾಡ್ ತನ್ನ ಸೂಚ್ಯಂಕದಲ್ಲಿ ನಾಲ್ಕು ಸಂಗತಿಗಳನ್ನು ನೋಡುತ್ತದೆ: ಹಣಕಾಸಿನ ಖಾತೆ ಎಷ್ಟು ಜನರಿಗಿದೆ, ಇಂಟರ್ನೆಟ್ ಬಳಸುವವರು ಎಷ್ಟು, ಸುರಕ್ಷಿತ ಸರ್ವರ್‌ಗಳು ಎಷ್ಟು, ಅಂಚೆ ಎಷ್ಟು ನಂಬಿಕೆಗೆ ಅರ್ಹ. ಈ ಅಳತೆ ಕೊಳ್ಳುವವರ ಕಡೆಯಿಂದ ಹೊರಟದ್ದು. ಜಮಖಂಡಿ ತಾಲ್ಲೂಕಿನ ತುಬಚಿಯಂಥ ಕೃಷ್ಣಾ ತೀರದ ಹಳ್ಳಿ ಮುಖ್ಯವಾಗಿ ಮಾರುವ ಊರು. ಕಬ್ಬು, ಬೆಲ್ಲ, ಗೋವಿನಜೋಳ, ಅರಿಷಿಣ ಇಲ್ಲಿಂದ ಮತ್ತು ಸುತ್ತಲಿನ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಿಂದ ಹೊರಗೆ ಹೋಗುತ್ತವೆ. ಮಾರುವವರ ಕಡೆಯಿಂದ ನೋಡಿದರೆ ಡಿಜಿಟಲ್ ಸಿದ್ಧತೆಯ ಇತಿಹಾಸ ಬೇರೆ ರೀತಿ ಕಾಣುತ್ತದೆ. ದಾಖಲೆ, ಹರಾಜು, ಹಣ ಈ ಮೂರೂ ಪರದೆಗೆ ಬಂದಾಗಿದೆ. ಮಾಲಿನ ಗುಣಕ್ಕೆ ನಂಬಬಹುದಾದ ಪ್ರಮಾಣ ಇನ್ನೂ ಬಂದಿಲ್ಲ. ಈ ಲೇಖನದ ಪ್ರತಿಪಾದನೆ ಇಷ್ಟೇ.

ಕಾನೂನು ಮತ್ತು ಉತಾರ

ಬೆಳೆದ ಮಾಲಿಗೆ ಸರಿಯಾದ ತೂಕ, ಬಹಿರಂಗ ಹರಾಜು ಸಿಗಬೇಕೆಂಬ ಆಶಯಕ್ಕೆ ರಾಜ್ಯದಲ್ಲಿ ಕಾನೂನಿನ ರೂಪ ಕೊಟ್ಟದ್ದು 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ. ಆದರೆ ಆ ವ್ಯವಸ್ಥೆಯಲ್ಲಿ ವ್ಯವಹಾರವೆಲ್ಲ ಮಾರುಕಟ್ಟೆ ಅಂಗಳದಲ್ಲೇ ನಡೆಯಬೇಕಿತ್ತು, ಚೀಟಿಯಲ್ಲೇ ಉಳಿಯುತ್ತಿತ್ತು. ಕಾಗದವಿಲ್ಲದ ಕರಾರಿಗೆ ದೇಶದಲ್ಲಿ ಮಾನ್ಯತೆ ಬಂದದ್ದು ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಯಾದ 2000ದ ಅಕ್ಟೋಬರ್ 17ರಿಂದ. ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ 1996ರಲ್ಲಿ ಸಿದ್ಧಪಡಿಸಿದ ಮಾದರಿ ಕಾನೂನು ಇದಕ್ಕೆ ಆಧಾರವಾಯಿತು.

ಅದೇ ಹೊತ್ತಿಗೆ ಕರ್ನಾಟಕ 'ಭೂಮಿ' ಯೋಜನೆ ಕೈಗೊಂಡಿತ್ತು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು, ಈ ಭಾಗದವರ ಮಾತಿನಲ್ಲಿ ಉತಾರಗಳು, ಕಂಪ್ಯೂಟರಿಗೆ ಏರಿದವು. ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕವನ್ನೇ ಆಶ್ರಯಿಸಬೇಕಿದ್ದ ರೈತ, ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಉತಾರ ಪಡೆಯುವಂತಾಯಿತು. ಬೆಳೆಸಾಲಕ್ಕೆ ಬ್ಯಾಂಕು ಮೊದಲು ಕೇಳುವುದೇ ಈ ಕಾಗದ. ಆದ್ದರಿಂದ ಇ-ವಾಣಿಜ್ಯದ ಚರಿತ್ರೆಯಲ್ಲಿ ಭೂಮಿ ಯೋಜನೆಗೆ ಮೊದಲ ಅಧ್ಯಾಯದ ಸ್ಥಾನ ಸಲ್ಲಬೇಕು. ಮಾರುವವನು ಯಾರು, ಅವನ ಜಮೀನು ಯಾವುದು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿದ್ದು ಅಲ್ಲಿಂದ.

ಹರಾಜು ಪರದೆಗೆ ಬಂದದ್ದು

2013ರಲ್ಲಿ ರಾಜ್ಯ ಕೃಷಿ ಮಾರಾಟ ನೀತಿ ರೂಪಿಸಿತು. ಮರುವರ್ಷ ಸರ್ಕಾರ ಮತ್ತು ಕೃಷಿ ಸರಕುಗಳ ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಬಳಗದ ಸಂಸ್ಥೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಂಪನಿ ಕಟ್ಟಿ, ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ನಡೆಸತೊಡಗಿದವು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲ ಇ-ನಾಮ್‌ಗೆ ಕರ್ನಾಟಕದ ಈ ಅನುಭವ ಮಾದರಿಯಾಯಿತು.

ಅಂಗಳದಲ್ಲಿ ಆದ ಬದಲಾವಣೆಯನ್ನು ಹತ್ತಿರದಿಂದ ನೋಡಬೇಕು. ಗಾಡಿ ಗೇಟಿಗೆ ಬಂದಾಗ ಮಾಲಿನ ವಿವರ ದಾಖಲಾಗಿ ಲಾಟ್ ಸಂಖ್ಯೆ ಹುಟ್ಟುತ್ತದೆ. ಖರೀದಿದಾರರು ರಾಶಿ ನೋಡಿ ತಮ್ಮ ದರವನ್ನು ಕಂಪ್ಯೂಟರಿನಲ್ಲಿ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಗೊತ್ತಾದ ವೇಳೆಗೆ ಅತಿ ಹೆಚ್ಚಿನ ದರ ಪ್ರಕಟವಾಗುತ್ತದೆ. ಅದು ರೈತನ ಮೊಬೈಲಿಗೂ ಬರುತ್ತದೆ. ಒಪ್ಪಿಗೆಯಾಗದಿದ್ದರೆ ಮಾಲು ಕೊಡದಿರುವ ಹಕ್ಕು ಅವನದು. ಹಳೆಯ ಪದ್ಧತಿಯಲ್ಲಿ ದಲ್ಲಾಳಿಯ ಬಾಯಿಂದ ಕೇಳಬೇಕಿದ್ದ ಸುದ್ದಿ ಈಗ ನೇರವಾಗಿ ತಲುಪುತ್ತದೆ. ಇದು ಸಣ್ಣ ಸಂಗತಿಯಲ್ಲ.

ಇದರಿಂದ ದರ ಏರಿತೇ? ರೆಟ್ಸೆಫ್ ಲೆವಿ, ಮನೋಜ್ ರಾಜನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ವೇದಿಕೆಯಿಂದಾಗಿ ಭತ್ತದ ದರ ಸರಾಸರಿ ಶೇ 5.1, ಶೇಂಗಾದ್ದು ಶೇ 3.6, ಗೋವಿನಜೋಳದ್ದು ಶೇ 3.5 ಹೆಚ್ಚಿತು. ಹತ್ತಿ, ಹೆಸರು, ತೊಗರಿಯಲ್ಲಿ ಗಮನಾರ್ಹ ಪರಿಣಾಮ ಕಾಣಲಿಲ್ಲ. ಪರದೆ ಒಂದೇ ಆದರೂ ಫಲ ಬೆಳೆಯಿಂದ ಬೆಳೆಗೆ ಬೇರೆಯಾಯಿತು. ಹಾಗಾದರೆ ತಂತ್ರಾಂಶದ ಆಚೆಗೂ ದರವನ್ನು ನಿರ್ಧರಿಸುವ ಸಂಗತಿಗಳಿವೆ.

ಹಣ ಮತ್ತು ತೆರಿಗೆ

2014ರ ಆಗಸ್ಟಿನಲ್ಲಿ ಆರಂಭವಾದ ಜನಧನ ಯೋಜನೆ ಖಾತೆಯ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. 2016ರಲ್ಲಿ ಬಂದ ಯುಪಿಐ ಹಣ ಸಾಗಿಸುವ ತೊಡಕು ಬಿಡಿಸಿತು. ತೆರಿಗೆಯ ಗೋಡೆ ಮಾತ್ರ ಬಹುಕಾಲ ನಿಂತಿತ್ತು. ಸಣ್ಣ ವಹಿವಾಟಿನವರಿಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಇದ್ದರೂ, ಇ-ಕಾಮರ್ಸ್ ಜಾಲದ ಮೂಲಕ ಸರಕು ಮಾರಿದರೆ ನೋಂದಣಿ ಕಡ್ಡಾಯವಾಗಿತ್ತು. ರಾಜ್ಯದೊಳಗೇ ಮಾರುವ ಸಣ್ಣ ವ್ಯಾಪಾರಿಗೆ ಷರತ್ತಿನ ಮೇಲೆ ಈ ಕಟ್ಟು ಸಡಿಲವಾದದ್ದು 2023ರ ಅಕ್ಟೋಬರ್ 1ರಿಂದ. ಬನಹಟ್ಟಿಯ ನೇಕಾರ ಮಗ್ಗದಿಂದ ಇಳಿಸಿದ ಸೀರೆಯನ್ನು ಬೆಂಗಳೂರಿಗೆ ಮಾರಲು ಇದರಿಂದ ದಾರಿಯಾಯಿತು. ಆದರೆ ಅದೇ ಸೀರೆ ಸಮೀಪದ ಸಾಂಗಲಿಗೆ ಹೋಗಬೇಕಾದರೆ ರಾಜ್ಯದ ಗಡಿ ಅಡ್ಡ ಬರುತ್ತದೆ. ಮಹಾರಾಷ್ಟ್ರದ ಪೇಟೆಗಳೊಂದಿಗೆ ಹಳೆಯ ನಂಟಿರುವ ಈ ಸೀಮೆಗೆ ಅದು ನಿಜವಾದ ತೊಡಕು.

ಗುಣದ ಪ್ರಶ್ನೆ: ಬೆಲ್ಲದ ನಿದರ್ಶನ

ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾದದ್ದು. ಅನುಭವಿ ಖರೀದಿದಾರ ಬೆಲ್ಲದ ಪೆಂಟಿಯ ಅಂಚು ಮುರಿದು ಕಣ ನೋಡುತ್ತಾನೆ, ಚೂರು ಬಾಯಿಗೆ ಹಾಕಿ ಉಪ್ಪಿನಂಶ ತಿಳಿಯುತ್ತಾನೆ, ಬೆರಳೊತ್ತಿ ಗಡಸುತನ ಅಳೆಯುತ್ತಾನೆ. ಫೋಟೊದಲ್ಲಿ ಕಾಣುವುದು ಬಣ್ಣ ಮಾತ್ರ. ಹೈಡ್ರೋಸ್ ಎಂಬ ಸಲ್ಫರ್ ಇರುವ ರಾಸಾಯನಿಕ ಹಾಕಿದರೆ ಬೆಲ್ಲ ಹಳದಿಯಾಗಿ ಹೊಳೆಯುತ್ತದೆ. ರಾಸಾಯನಿಕವಿಲ್ಲದೆ ಕಾಸಿದ ಬೆಲ್ಲ ಕಂದಾಗಿರುತ್ತದೆ. ಪರೀಕ್ಷೆಯ ವರದಿ ಜೊತೆಗಿಲ್ಲದಿದ್ದರೆ ಪರದೆಯ ಮೇಲೆ ಪ್ರಾಮಾಣಿಕ ಗಾಣದವನೇ ಸೋಲುತ್ತಾನೆ. ಮಳೆಗಾಲದ ತೇವಕ್ಕೆ ಬೆಲ್ಲ ನೀರೊಡೆಯುವುದರಿಂದ ಕಟ್ಟುವ ಮತ್ತು ಸಾಗಿಸುವ ಕ್ರಮವೂ ಗುಣದ ಪ್ರಶ್ನೆಯೇ ಆಗುತ್ತದೆ.

ಉಪಸಂಹಾರ

ಈ ಚರಿತ್ರೆಯಲ್ಲಿ ಒಂದು ಕ್ರಮವಿದೆ. ಪ್ರತಿ ಹಂತದಲ್ಲೂ ಅಪರಿಚಿತರ ನಡುವಿನ ಒಂದೊಂದು ಅನುಮಾನವನ್ನು ಸಾರ್ವಜನಿಕ ವ್ಯವಸ್ಥೆಯೊಂದು ನಿವಾರಿಸಿದೆ: ಹಿಡುವಳಿಯ ಅನುಮಾನವನ್ನು ಭೂಮಿ, ದರದ್ದನ್ನು ಏಕೀಕೃತ ವೇದಿಕೆ, ಪಾವತಿಯದನ್ನು ಯುಪಿಐ. ಗುಣದ ಅನುಮಾನವನ್ನು ಮಾತ್ರ ರೈತನ ಹೆಗಲಿಗೇ ಬಿಟ್ಟಿದ್ದೇವೆ. ತೇವಾಂಶ ಮತ್ತು ಸಲ್ಫರ್ ಅಂಶ ಅಳೆದು ವರದಿ ಕೊಡುವ ಪರೀಕ್ಷಾಲಯ ಪ್ರತಿ ಮಾರುಕಟ್ಟೆ ಅಂಗಳದಲ್ಲಿ ನಿಜವಾಗಿ ಕೆಲಸ ಮಾಡಬೇಕು. ಆ ವರದಿ ಲಾಟ್ ಸಂಖ್ಯೆಯೊಂದಿಗೆ ದೂರದ ಖರೀದಿದಾರನಿಗೂ ಕಾಣಬೇಕು. ಉತಾರವನ್ನು ಕಂಪ್ಯೂಟರಿಗೆ ತರಲು ಸರ್ಕಾರ ತೋರಿಸಿದ ಹಟ ಇಲ್ಲಿಯೂ ಬೇಕು. ತುಬಚಿಯ ರೈತನ ಕೈಯಲ್ಲಿ ಈಗಾಗಲೇ ಫೋನಿದೆ. ಅದರ ಮೂಲಕ ಕಾಣುವ ಮಾಲಿನ ಪರವಾಗಿ ಸಾಕ್ಷಿ ಹೇಳುವ ಹೊಣೆ ರಾಜ್ಯದ್ದು.